ತಗಡಿನ ಸೂರಿನಡಿ ಮೂರು ಸಮತಲಗಳು

ನಮ್ಮ ಗದಗ ಸೀಮೆಯ ಹಳೆಯ ಮನೆಗಳ ಮಾಳಿಗೆ ಸಪಾಟು. ಸಂಡಿಗೆ ಒಣಹಾಕಲು ಚಲೋ, ಈ ಪಾಠಕ್ಕೆ ಸಾಲದು. ಬೆಟಗೇರಿಯ ನೇಕಾರರ ಓಣಿಯಲ್ಲೋ ಲಕ್ಷ್ಮೇಶ್ವರದ ದಾರಿಯಲ್ಲೋ ನೋಡಿದ, ಎರಡೂ ಕಡೆ ಇಳಿಜಾರಿನ ಒಂದು ತಗಡಿನ ಶೆಡ್ಡನ್ನು ಕಣ್ಣ ಮುಂದೆ ತಂದುಕೊಳ್ಳಿ. ಸಮತಲಗಳು ಒಂದನ್ನೊಂದು ಕತ್ತರಿಸುವ ಬಗೆಯೆಲ್ಲ ಅದರೊಳಗೇ ಇದೆ.

ಹಂತ 1: ಮೂಲೆ ಹಿಡಿಯಿರಿ

ಶೆಡ್ಡಿನ ನೈರುತ್ಯ ಮೂಲೆ, ನೆಲಮಟ್ಟ: ಅದು ಸೊನ್ನೆ. ಅಲ್ಲಿಂದ ಪೂರ್ವಕ್ಕೆ ಎಷ್ಟು ಅಡಿ ಎಂಬುದು ‘ಪೂ’, ಉತ್ತರಕ್ಕೆ ‘ಉ’, ಎತ್ತರಕ್ಕೆ ‘ಎ’. ಪುಸ್ತಕದ ಎಕ್ಸ್, ವೈ, ಝೆಡ್ ಇವೇ. ನಮ್ಮ ಶೆಡ್ಡು ಪೂರ್ವಕ್ಕೆ 12 ಅಡಿ, ಉತ್ತರಕ್ಕೆ 20 ಅಡಿ. ಪಕ್ಕದ ಗೋಡೆ 8 ಅಡಿ, ನಡುವಿನ ನೆತ್ತಿ 11 ಅಡಿ.

ಹಂತ 2: ಗೋಡೆ, ತಗಡುಗಳಿಗೆ ಸಮೀಕರಣ ಬರೆಯಿರಿ

ಪಡುವಣ ಗೋಡೆ: ಪೂ = 0. ಮೂಡಣ ಗೋಡೆ: ಪೂ = 12. ಇವೆರಡನ್ನೂ ಆಕಾಶದವರೆಗೆ ಕಟ್ಟಿದರೂ ಕೂಡುವುದಿಲ್ಲ. ಸಮಾಂತರ ಎಂದರೆ ಇದೇ.

ತಗಡು ಪಡುವಣ ಗೋಡೆಯಿಂದ 6 ಅಡಿ ಹೋಗುವಷ್ಟರಲ್ಲಿ 3 ಅಡಿ ಏರುತ್ತದೆ. ಅಂದರೆ ಎ = 8 + ಪೂ/2. ಮೂಡಣ ತಗಡು ನೆತ್ತಿಯಿಂದ ಅದೇ ಇಳಿಜಾರಿನಲ್ಲಿ ಇಳಿಯುತ್ತದೆ. ಭಿನ್ನರಾಶಿ ಬೇಡವೆಂದರೆ ಎರಡರಿಂದ ಗುಣಿಸಿ:

ಪಡುವಣ ತಗಡು: −ಪೂ + 2ಎ = 16
ಮೂಡಣ ತಗಡು: ಪೂ + 2ಎ = 28

ಪಡುವಣ ತಗಡಿನ ಸಹಗುಣಕಗಳನ್ನು ಸಾಲಾಗಿ ಬರೆಯಿರಿ: (−1, 0, 2). ಆ ತಗಡಿಗೆ ನೆಟ್ಟಗೆ ಒಂದು ಮೊಳೆ ಹೊಡೆದರೆ ಅದು ನಿಲ್ಲುವ ದಿಕ್ಕು ಇದೇ: 1 ಪಾಲು ಪಡುವಣಕ್ಕೆ ವಾಲಿ, 2 ಪಾಲು ಮೇಲಕ್ಕೆ. ಎರಡು ಸಮತಲಗಳ ಮೊಳೆಗಳು ಒಂದಕ್ಕೊಂದು ಸಮಾಂತರವಾಗಿಲ್ಲದಿದ್ದರೆ ಆ ಸಮತಲಗಳು ಎಲ್ಲೋ ಒಂದು ಕಡೆ ಕೂಡಲೇಬೇಕು.

ಹಂತ 3: ಎರಡನ್ನು ಕೂಡಿಸಿ

ಎರಡೂ ಸಮೀಕರಣ ಕೂಡಿಸಿದರೆ 4ಎ = 44, ಎ = 11. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ 2ಪೂ = 12, ಪೂ = 6. ‘ಉ’ ಎಲ್ಲಿ ಹೋಯಿತು? ಹೊಸಬರು ಗಾಬರಿಯಾಗುವುದೇ ಇಲ್ಲಿ. ಅದು ಎಲ್ಲೂ ಹೋಗಿಲ್ಲ, ಬಿಡುವಾಗಿದೆ. ಏನು ಬೇಕಾದರೂ ಆಗಲಿ, ಎರಡೂ ಸಮೀಕರಣ ಒಪ್ಪುತ್ತವೆ. ತಲೆ ಎತ್ತಿ ನೋಡಿ: ಎರಡು ತಗಡು ಕೂಡುವ ನೆತ್ತಿಗೆರೆ ದಕ್ಷಿಣದಿಂದ ಉತ್ತರಕ್ಕೆ ನೇರ ಓಡುತ್ತಿದೆ. ಎರಡು ಸಮತಲ ಕತ್ತರಿಸಿದರೆ ಸಿಗುವುದು ಬಿಂದುವಲ್ಲ, ಗೆರೆ.

ಈ ಕೂಡಿಸಿ ಕಳೆಯುವ ಉಪಾಯ ಹಳೆಯದು. 9ನೆಯ ಶತಮಾನದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಹಣ್ಣಿನ ಲೆಕ್ಕ ಕೇಳುತ್ತಾನೆ: 9 ಮಾದಲ, 7 ಬೇಲದ ಹಣ್ಣಿಗೆ ಬೆಲೆ 107, 7 ಮಾದಲ, 9 ಬೇಲಕ್ಕೆ 101. ಕೂಡಿಸಿದರೆ ಎರಡರ ಮೊತ್ತ 13, ಕಳೆದರೆ ವ್ಯತ್ಯಾಸ 3. ಮಾದಲ 8, ಬೇಲ 5. ಅವನ ಕಾಲದ ಅರಸ ಅಮೋಘವರ್ಷ ನೃಪತುಂಗ. ತಿರುಳ್ಗನ್ನಡದ ನೆಲೆಗಳಲ್ಲಿ ಪುಲಿಗೆರೆಯನ್ನು, ಅಂದರೆ ಇಂದಿನ ಲಕ್ಷ್ಮೇಶ್ವರವನ್ನು ಹೆಸರಿಸುವ ‘ಕವಿರಾಜಮಾರ್ಗ’ವೂ ಅದೇ ಅರಸನ ಆಸ್ಥಾನದ್ದು. ನಮ್ಮೂರಿನ ಭಾಷೆಗೂ ಈ ಲೆಕ್ಕಕ್ಕೂ ಅಷ್ಟು ಹತ್ತಿರದ ನಂಟು.

ಹಂತ 4: ಮೂರನೆಯದನ್ನು ತನ್ನಿ

ಮೊದಲು ಬಡಗಣ ಗೋಡೆ: ಉ = 20. ನೆತ್ತಿಗೆರೆ ಅದಕ್ಕೆ ಹೋಗಿ ತಾಗುತ್ತದೆ. ಉತ್ತರ ಒಂದೇ ಬಿಂದು: (6, 20, 11).

ಅದನ್ನು ಬಿಟ್ಟು, ನೆತ್ತಿಯ ಕೆಳಗೆ ನಡುಗೋಡೆ ಕಟ್ಟಿ: ಪೂ = 6. ಇದನ್ನು ಆಗಲೇ ಕಂಡಿದ್ದೇವೆ, ಎರಡು ತಗಡುಗಳ ವ್ಯತ್ಯಾಸ 2ಪೂ = 12 ಎಂದೇ ಬಂದಿತ್ತು. ಬಿಡಿಸುತ್ತ ಹೋದರೆ ಕೊನೆಗೆ 0 = 0. ಮೂರೂ ಸಮತಲಗಳು ಒಂದೇ ನೆತ್ತಿಗೆರೆಯಲ್ಲಿ ಕೂಡಿವೆ, ತೆರೆದಿಟ್ಟ ಪುಸ್ತಕದ ಹಾಳೆಗಳು ಬೆನ್ನಿನಲ್ಲಿ ಕೂಡಿದ ಹಾಗೆ.

ಈಗ ನಡುಗೋಡೆ ಕೆಡವಿ ಗೋಡೆಯ ಮಟ್ಟಕ್ಕೆ ಅಟ್ಟ ಹಾಕಿ: ಎ = 8. ತಗಡುಗಳು 4ಎ = 44 ಎನ್ನುತ್ತವೆ, ಅಟ್ಟ 4ಎ = 32 ಎನ್ನುತ್ತದೆ. ಜಗಳ! ಇಲ್ಲಿ ಯಾವ ಎರಡನ್ನು ಹಿಡಿದರೂ ಅವು ಕೂಡುತ್ತವೆ: ತಗಡಿಗೆ ತಗಡು ನೆತ್ತಿಯಲ್ಲಿ, ತಗಡಿಗೆ ಅಟ್ಟ ಗೋಡೆಯ ತಲೆಯ ಮೇಲೆ. ಮೂರೂ ಒಟ್ಟಿಗೆ ಸೇರುವ ಜಾಗ ಮಾತ್ರ ಇಲ್ಲ. ಅಟ್ಟದ ಮೇಲಿನ ತ್ರಿಕೋನದ ಪೊಳ್ಳಿನಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಸಮಾಂತರವಿಲ್ಲ, ಹಾಗಾದರೆ ಉತ್ತರ ಇದ್ದೇ ಇರುತ್ತದೆ’ ಎಂದು ಬರೆದು ಅಂಕ ಕಳೆದುಕೊಂಡವರಿಗೆ ಹೇಳಬೇಕು. ನಾನೂ ಅವರಲ್ಲೊಬ್ಬ.

ಹಂತ 5: ಡಿಟರ್ಮಿನೆಂಟನ್ನು ಅತಿಯಾಗಿ ನಂಬಬೇಡಿ

ಮೂರು ಸಮತಲಗಳ ಸಹಗುಣಕಗಳ ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ತೆಗೆಯುವ ಡಿಟರ್ಮಿನೆಂಟಿಗೇ ಸೆಕೆಂಡ್ ಪಿಯುಸಿಯವರು ಮೊದಲು ಕೈಹಾಕುತ್ತಾರೆ. ಬಡಗಣ ಗೋಡೆಯ ಲೆಕ್ಕದಲ್ಲಿ ಅದು 4, ಸೊನ್ನೆಯಲ್ಲ, ಹಾಗಾಗಿ ಒಂದೇ ಬಿಂದು. ನಡುಗೋಡೆಗೂ ಅಟ್ಟಕ್ಕೂ ಅದು ಸೊನ್ನೆಯೇ. ಸೊನ್ನೆ ಬಂದರೆ ‘ಒಂದೇ ಬಿಂದು ಇಲ್ಲ’ ಎಂದಷ್ಟೇ ಗೊತ್ತಾಯಿತು. ಗೆರೆಯೋ ಜಗಳವೋ ತಿಳಿಯಲು ಹಂತ 3ರ ಹಾಗೆ ಬಿಡಿಸಿಯೇ ನೋಡಬೇಕು.

ಈಗ ನಿಮ್ಮ ಸರದಿ. ಸೊನ್ನೆಯ ಮೂಲೆಯಿಂದ ಓರೆಯಾಗಿ, ಪೂರ್ವಕ್ಕೆ ಎಷ್ಟೋ ಉತ್ತರಕ್ಕೂ ಅಷ್ಟೇ ಹೋಗುವಂತೆ, ನೆಲದಿಂದ ತಗಡಿನವರೆಗೆ ಒಂದು ಪರದೆ ಕಟ್ಟಿ: ಪೂ − ಉ = 0. ಅದು ನೆತ್ತಿಗೆರೆಯನ್ನು ಎಲ್ಲಿ ಮುಟ್ಟುತ್ತದೆ? (6, 6, 11) ಬಂದರೆ ಸರಿ.