ಕಣ್ಣಿಗೆ ಕಪ್ಪು ಪರದೆ ಇಳಿದರೆ ಕಾಯಬೇಡಿ

ಸುರಪುರದ ತಂಗಿಗೆ,

ಪೊರೆ ತೆಗೆಸಿದ ಎರಡು ವರ್ಷಕ್ಕೆ ಅಪ್ಪನವರ ಎಡಗಣ್ಣಲ್ಲಿ ಮೊದಲು ಮಿಂಚು, ಆಮೇಲೆ ಮಸಿ ಚೆಲ್ಲಿದಂತೆ ಚುಕ್ಕಿಗಳು, ಈಗ ಮೂಗಿನ ಕಡೆಯಿಂದ ಕಪ್ಪು ಪರದೆ ಎಂದು ಬರೆದಿದ್ದೀರಿ. ಈ ಉತ್ತರ ಅಚ್ಚಾಗುವ ಮುನ್ನವೇ ನಿಮಗೆ ಫೋನ್ ಮಾಡಿಸಿದ್ದೇನೆ. ನೋವಿಲ್ಲವೆಂದು ಸುಮ್ಮನಿರುವುದೇ ಅಪಾಯ, ಅಕ್ಷಿಪಟಲಕ್ಕೆ ನೋವು ತಿಳಿಯುವ ನರಗಳೇ ಇಲ್ಲ. ಪಟಲ ಕಳಚುತ್ತಿರುವ ಲಕ್ಷಣವಿದು. ಕಣ್ಣಿನ ಹನಿ, ಕನ್ನಡಕ ಯಾವುದೂ ಅದನ್ನು ಮತ್ತೆ ಅಂಟಿಸುವುದಿಲ್ಲ.

ಗೋಡೆಗೆ ಹಚ್ಚಿದ ಕಾಗದ ಹರಿದು, ಆ ತೂತಿನಲ್ಲಿ ನೀರು ಇಳಿದರೆ ಕಾಗದ ಉಬ್ಬಿ ಕಳಚುತ್ತದಲ್ಲ, ಹಾಗೆ. ಸರ್ಜನ್ ಆ ತೂತನ್ನು ಹುಡುಕಿ ಮುಚ್ಚುತ್ತಾರೆ. ಕಣ್ಣಿನ ಹೊರಗೋಡೆಗೆ ಸಿಲಿಕೋನ್ ಪಟ್ಟಿ ಹೊಲಿದು ಒಳಕ್ಕೆ ಒತ್ತುವುದು ಒಂದು ದಾರಿ. ಇನ್ನೊಂದು ವಿಟ್ರೆಕ್ಟಮಿ. ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಉಪಕರಣದಿಂದ ಒಳಗಿನ ಲೋಳೆ ತೆಗೆದು, ತೂತಿನ ಸುತ್ತ ಲೇಸರ್ ಹಾಕಿ, ಅನಿಲ ಅಥವಾ ಸಿಲಿಕೋನ್ ಎಣ್ಣೆ ತುಂಬುತ್ತಾರೆ. ಪೊರೆ ತೆಗೆಸಿದವರಿಗೆ ಹೆಚ್ಚಾಗಿ ಇದೇ. ಅನಿಲ ತಾನೇ ಕರಗುತ್ತದೆ, ಅಲ್ಲಿಯವರೆಗೆ ವಿಮಾನ ಹತ್ತಬಾರದು. ಎಣ್ಣೆಯನ್ನು ಕೆಲವು ತಿಂಗಳ ನಂತರ ತೆಗೆಸಲೇಬೇಕು. ವೈದ್ಯರು ಹೇಳಿದಷ್ಟು ದಿನ ಬೋರಲು ಮಲಗುವುದು ಅಪ್ಪನವರಿಗೆ ಕಷ್ಟವೇ. ರಾಶಿಯ ಕಾಲವಾದರೂ ಹೊಲಕ್ಕೆ ಬಿಡಬೇಡಿ.

ಪಟಲದ ನಡುಬಿಂದು ಕಳಚುವ ಮುನ್ನ ಆಪರೇಷನ್ ಆದರೆ ದೃಷ್ಟಿ ಚೆನ್ನಾಗಿ ಉಳಿಯುವ ಸಾಧ್ಯತೆ ಹೆಚ್ಚು. ಇಲ್ಲಿ ದಿನಗಳದೇ ಲೆಕ್ಕ. ಯಾದಗಿರಿಯಲ್ಲಿ ರೈಲು ಹತ್ತಿ ಹೈದರಾಬಾದಿನ ಎಲ್.ವಿ. ಪ್ರಸಾದ್ ಆಸ್ಪತ್ರೆಗೆ ಹೋಗಿ, ಇಲ್ಲವೇ ಬೆಂಗಳೂರಿನ ಸರ್ಕಾರಿ ಮಿಂಟೋಗೆ. ಶಹಾಪುರ, ಯಾದಗಿರಿಯ ಓದುಗರೇ, ಇದೇ ಲಕ್ಷಣ ನಿಮಗೂ ಕಂಡರೆ ಆಯುಷ್ಮಾನ್ ಕಾರ್ಡ್, ಹಳೆಯ ಆಪರೇಷನ್ ಚೀಟಿ ಹಿಡಿದು ಅಂದೇ ಹೊರಡಿ.