ಮೇಲ್ ಬರುತ್ತೆ, ಹೋಗಲ್ಲ; ತಪ್ಪು ನನ್ನದಾ?

ಪ್ರಶ್ನೆ: ಮೈಸೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಪ್ರಕಾಶಕರೊಬ್ಬರಿಗೆ ಕರಡು ತಿದ್ದಿ ಕಳಿಸುವ ಕೆಲಸ. ಮೇಲಿನ ಮನೆಯ ಮಾಲೀಕರ ವೈಫೈಯನ್ನೇ ಮೂರೂ ಮನೆಯವರು ಬಳಸುತ್ತೇವೆ. ಕೆಲವು ವಾರಗಳಿಂದ ಮೇಲ್ ಬರುತ್ತದೆ, ನಾನು ಕಳಿಸಿದ್ದು ಹೋಗುವುದಿಲ್ಲ. ಒಮ್ಮೊಮ್ಮೆ ಔಟ್‌ಬಾಕ್ಸ್‌ನಲ್ಲೇ ನಿಲ್ಲುತ್ತದೆ, ಒಮ್ಮೊಮ್ಮೆ ವಾಪಸ್ ಬರುತ್ತದೆ. ನೆಪ ಹೇಳುತ್ತಿದ್ದೇನೆ ಎಂದು ಸಂಪಾದಕರಿಗೆ ಅನುಮಾನ. ‘ಆಂಟಿ, ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ವೈರಸ್ ಇರಬೇಕು’ ಎಂದ ಮಾಲೀಕರ ಮಗ. ನಿದ್ದೆಯೇ ಬರುತ್ತಿಲ್ಲ.

– ಹೆಸರು ಬೇಡ

ಉತ್ತರ: ಹೇಳಿದ ದಿನಕ್ಕೆ ಕೆಲಸ ಮುಗಿಸಿಯೂ ಸುಳ್ಳುಗಾರಳೆನಿಸಿಕೊಳ್ಳುವುದು ಸಣ್ಣ ನೋವಲ್ಲ. ಅದರ ಮೇಲೆ, ಕೈಲಿರುವ ಯಂತ್ರದ ಬಗ್ಗೆ ತನಗೇ ಏನೂ ತಿಳಿಯದು ಎಂಬ ಅಸಹಾಯಕತೆ ಬೇರೆ. ನಿಮ್ಮ ಸಂಕಟ ಸಹಜ. ಇದೇ ಪಾಡು ಪಡುವ ಎಷ್ಟೋ ಜನ ಯಾರಿಗೂ ಹೇಳಿಕೊಳ್ಳದೆ ಸುಮ್ಮನಿರುತ್ತಾರೆ. ನೀವು ಬರೆದಿರಿ, ಒಳ್ಳೆಯದಾಯಿತು.

ಈಗ ಈ ತೊಂದರೆಯನ್ನು ಬೇರೆ ಕಡೆಯಿಂದ ನೋಡೋಣ. ಮೇಲ್ ಬರುವ ದಾರಿಯೇ ಬೇರೆ, ಹೋಗುವ ದಾರಿಯೇ ಬೇರೆ. ಸೋಂಕು ತಗುಲಿದ ಕಂಪ್ಯೂಟರ್‌ಗಳು ಸ್ಪ್ಯಾಮ್ ಹರಡದಿರಲೆಂದು ಅನೇಕ ಇಂಟರ್ನೆಟ್ ಕಂಪನಿಗಳು ಮನೆಯ ಸಂಪರ್ಕಗಳಲ್ಲಿ ಪೋರ್ಟ್ 25 ಎಂಬ ಹಳೆಯ ದಾರಿಯನ್ನು ಮುಚ್ಚಿಬಿಟ್ಟಿವೆ. ನಿಮ್ಮ ಮೇಲ್ ಪ್ರೋಗ್ರಾಂ ಅದರಲ್ಲೇ ಹೋಗಲು ನೋಡುತ್ತಿದ್ದರೆ ಔಟ್‌ಬಾಕ್ಸ್‌ನಲ್ಲೇ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ವಿಷಯ: ಹೊರಗಿನವರ ಕಣ್ಣಿಗೆ ನಿಮ್ಮ ಮೂರೂ ಮನೆಗೆ ಇರುವುದು ಒಂದೇ ಡೋರ್ ನಂಬರ್, ಅಂದರೆ ಒಂದೇ ಐಪಿ ವಿಳಾಸ. ಯಾರದೋ ಮೊಬೈಲೋ ಟಿವಿ ಬಾಕ್ಸೋ ಸ್ಪ್ಯಾಮ್ ಕಳಿಸಿದರೆ ಆ ವಿಳಾಸ ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಗಳ ತಡೆಪಟ್ಟಿಗೆ ಸೇರುತ್ತದೆ. ನಿಮ್ಮ ಮೇಲ್ ವಾಪಸ್ ಬರಲು ಅಷ್ಟು ಸಾಕು. ಐಪಿ ವಿಳಾಸಗಳಿಗೂ ಬರ ಇದೆ. ನಮ್ಮ ಭಾಗಕ್ಕೆ ಅವನ್ನು ಹಂಚುವ ಏಪಿನಿಕ್ ಸಂಸ್ಥೆಯ ಬಳಿ ಹಳೆಯ ಮಾದರಿಯ ವಿಳಾಸಗಳ ಸಾಮಾನ್ಯ ದಾಸ್ತಾನು 2011ರ ಏಪ್ರಿಲ್‌ನಲ್ಲೇ ಮುಗಿಯಿತು. ಹಾಗಾಗಿ ಕಂಪನಿಗಳು ಒಂದೇ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವುದುಂಟು. ತೊಂದರೆಯ ಮೂಲ ನೀವು ಕಂಡೇ ಇರದ ಮನೆಯಲ್ಲೂ ಇರಬಹುದು.

ಆದ್ದರಿಂದ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಪಕ್ಕದ ಮನೆಯವರನ್ನೂ ಅನುಮಾನಿಸಬೇಡಿ. ಆ ಹುಡುಗ ತನಗೆ ತಿಳಿದದ್ದನ್ನು ಹೇಳಿದ್ದಾನೆ ಅಷ್ಟೇ, ಅವನ ಮಾತು ನಿಜವೂ ಇರಬಹುದು. ಲ್ಯಾಪ್‌ಟಾಪನ್ನು ಒಮ್ಮೆ ಆಂಟಿವೈರಸ್‌ನಿಂದ ಪೂರ್ತಿ ಸ್ಕ್ಯಾನ್ ಮಾಡಿಸಿ. ಮಾಡಿಸಿದ ಮಾತ್ರಕ್ಕೆ ತಪ್ಪು ಒಪ್ಪಿಕೊಂಡಂತಾಗುವುದಿಲ್ಲ.

ಎಲ್ಲಕ್ಕಿಂತ ಮೊದಲು ಇವತ್ತಿನ ಕೆಲಸ ಕಳಿಸಿಬಿಡಿ. ಬ್ರೌಸರ್‌ನಲ್ಲಿ ಮೇಲ್ ತೆರೆದು ಕಳಿಸಿದರೆ ಸಾಮಾನ್ಯವಾಗಿ ಈ ತಡೆಗಳು ಅಡ್ಡ ಬರುವುದಿಲ್ಲ. ಆಮೇಲೆ ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು, ಎಂದಿನ ಪ್ರೋಗ್ರಾಂನಿಂದಲೇ ಒಂದು ಪುಟ್ಟ ಮೇಲ್ ಕಳಿಸಿ ನೋಡಿ. ಹೋಯಿತೆಂದರೆ ತೊಂದರೆ ಮನೆಯ ಸಂಪರ್ಕದ ಕಡೆಗಿದೆ. ಹೋಗಲಿಲ್ಲವೆಂದರೆ ಪಾಸ್‌ವರ್ಡ್ ಅಥವಾ ಸೆಟ್ಟಿಂಗ್ ನೋಡಬೇಕು. ಪುಟ್ಟದು ಹೋಗಿ ಕರಡು ಮಾತ್ರ ಹೋಗದಿದ್ದರೆ ಫೈಲ್ ದೊಡ್ಡದಿರಬೇಕು. ಜಿಮೇಲ್‌ನಲ್ಲಾದರೆ ಲಗತ್ತಿನ ಮಿತಿ 25 ಎಂಬಿ. ಈ ಒಂದು ಪರೀಕ್ಷೆಯಿಂದಲೇ ನಿಮ್ಮ ಭಯ ಅರ್ಧ ಇಳಿಯುತ್ತದೆ ಎಂದು ನನ್ನ ನಂಬಿಕೆ.

ಸೆಟ್ಟಿಂಗ್‌ನಲ್ಲಿ ಹೊರಹೋಗುವ ಸರ್ವರ್‌ನ ಪೋರ್ಟ್ 25 ಎಂದಿದ್ದರೆ 587 ಮಾಡಿ, ಸ್ಟಾರ್ಟ್‌ಟಿಎಲ್‌ಎಸ್ ಆರಿಸಿ. ಅಥವಾ 465 ಹಾಕಿ ಎಸ್‌ಎಸ್‌ಎಲ್ ಆರಿಸಿ. ಎರಡರಲ್ಲೂ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವಂತಿರಬೇಕು. ಕೈ ಹಚ್ಚಲು ಅಂಜಿಕೆಯಾದರೆ ಮೇಲ್ ಸೇವೆ ಕೊಡುವವರ ಸಹಾಯವಾಣಿಯಲ್ಲಿ ಕೇಳಿ, ಅವರಿಗೆ ಇದು ದಿನನಿತ್ಯದ ಪ್ರಶ್ನೆ. ವಾಪಸ್ ಬಂದ ಮೇಲ್‌ಗಳನ್ನು ಅಳಿಸಬೇಡಿ. 550, 554 ಎಂಬ ಸಂಖ್ಯೆಯ ಪಕ್ಕದಲ್ಲಿ ಬೇಡವೆಂದ ಕಾರಣ ಬರೆದಿರುತ್ತದೆ. ಅಲ್ಲಿ ಸ್ಪ್ಯಾಮ್‌ಹೌಸ್‌ನ ಪಿಬಿಎಲ್ ಎಂಬ ಹೆಸರು ಕಂಡರೆ ಗಾಬರಿಯಾಗಬೇಡಿ. ಈ ವಿಳಾಸದಿಂದ ನೇರವಾಗಿ ಮೇಲ್ ಕಳಿಸುವಂತಿಲ್ಲ ಎಂದಷ್ಟೇ ಅದರ ಅರ್ಥ, ಯಾರ ಮೇಲೂ ಅಪವಾದವಿಲ್ಲ. 587ಕ್ಕೆ ಬದಲಾಯಿಸಿದರೆ ಅದು ಸಾಮಾನ್ಯವಾಗಿ ಸರಿಹೋಗುತ್ತದೆ.

ಮಾಲೀಕರ ಬಳಿ ‘ನಿಮ್ಮ ವೈಫೈ ಸರಿಯಿಲ್ಲ’ ಎನ್ನುವ ಬದಲು ‘ಅಂಕಲ್, ನಮ್ಮ ಐಪಿ ತಡೆಪಟ್ಟಿಯಲ್ಲಿದೆಯಾ ಅಂತ ಕಂಪನಿಯವರನ್ನ ಒಂದ್ಸಲ ಕೇಳ್ತೀರಾ?’ ಎಂದು ಹೇಳಿ. ಸಂಪರ್ಕ ಅವರ ಹೆಸರಿನಲ್ಲಿರುವುದರಿಂದ ದೂರು ಅವರೇ ಕೊಡಬೇಕು. ನೀವು ಬರೆಯದ ಮೇಲ್‌ಗಳೇನಾದರೂ ಸೆಂಟ್ ಪಟ್ಟಿಯಲ್ಲಿ ಕಂಡರೆ ಮಾತ್ರ ತಡಮಾಡದೆ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಿ.

ಸಂಪಾದಕರಿಗೆ ಫೋನ್ ಮಾಡಿ. ಕ್ಷಮೆ ಕೇಳುತ್ತಾ ಹೋಗಬೇಕಾಗಿಲ್ಲ. ಏನಾಯಿತು, ಏನು ಮಾಡುತ್ತಿದ್ದೀರಿ, ಇನ್ನು ಮುಂದೆ ಯಾವ ದಾರಿಯಲ್ಲಿ ಕಳಿಸುತ್ತೀರಿ ಎಂದು ನೇರವಾಗಿ ಹೇಳಿ, ವಾಪಸ್ ಬಂದ ಮೇಲ್‌ನ ಸ್ಕ್ರೀನ್‌ಶಾಟನ್ನು ವಾಟ್ಸಾಪ್‌ನಲ್ಲಿ ಕಳಿಸಿ. ಇಷ್ಟೆಲ್ಲ ಸರಿಹೋದ ಮೇಲೂ ನಿದ್ದೆ ಹತ್ತದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲಾದರೂ, ಹಣ ಕೊಡದೆ, ಕನ್ನಡದಲ್ಲೇ ಮಾತಾಡಬಹುದು.