ಅಪ್ಪೆಮಿಡಿಯ ಭರಣಿಯೂ ಹೊಸ ಸಂತೆಯೂ

ವ್ಯಾಪಾರವೆಂದರೆ ಅಂಗಡಿ, ಅಂಗಡಿಯೆಂದರೆ ಪೇಟೆ ಎಂದು ನಮ್ಮ ಹಿರಿಯರು ತಿಳಿದಿದ್ದರು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮನೆಗಳು ತೋಟದಂಚಿನಲ್ಲಿ ಒಂದೊಂದಾಗಿ ಚದುರಿಕೊಂಡಿವೆ. ಬಾಗಿಲಲ್ಲಿ ಅಂಗಡಿಯಿಟ್ಟರೆ ಕೊಳ್ಳಲು ಬರುವವರಾರು? ಅಂಥ ಮನೆಗಳ ಹೆಂಗಸರು ಈಗ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಮೂಲಕ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿಬೆಲ್ಲಗಳನ್ನು ಬೆಂಗಳೂರಿನವರೆಗೂ ಮಾರುತ್ತಿದ್ದಾರೆ. ಇದರ ಬಲವೆಲ್ಲಿ, ಅಪಾಯವೆಲ್ಲಿ ಎಂಬುದನ್ನು ನನಗೆ ತಿಳಿದಮಟ್ಟಿಗೆ ವಿವೇಚಿಸುವುದು ಈ ಲೇಖನದ ಉದ್ದೇಶ. ಎಲ್ಲ ಸರಕನ್ನೂ ಹಿಡಿದರೆ ಮಾತು ಹರಡೀತು; ಅಪ್ಪೆಮಿಡಿಯೊಂದನ್ನೇ ತೆಗೆದುಕೊಳ್ಳುತ್ತೇನೆ.

ಅಡಿಕೆ ಬೆಳೆದವನಿಗೆ 1939ರಲ್ಲಿ ಹುಟ್ಟಿದ ಮ್ಯಾಮ್ಕೋಸ್ ಸಹಕಾರ ಸಂಘವಿದೆ, ಮಂಡಿಯಿದೆ. ಹೆಗ್ಗೋಡಿನ ಬಳಿ ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ ‘ಚರಕ’ದ ಕೈಮಗ್ಗದ ಬಟ್ಟೆಗೆ ‘ದೇಸಿ’ ಅಂಗಡಿಗಳ ಬೆಂಬಲ ದೊರೆಯಿತು. ಉಪ್ಪಿನಕಾಯಿ ಹಾಕುವ ಒಂಟಿಮನೆಗೆ ಇವಾವುವೂ ಇಲ್ಲ. ಅದು ಮಾರುತ್ತಿದ್ದುದು ನೆಂಟರಿಗೆ, ಇಲ್ಲವೆ ಪೇಟೆಯ ಅಂಗಡಿಯವನಿಗೆ. ಅವನು ಹೇಳಿದ್ದೇ ಬೆಲೆ.

2016ರಲ್ಲಿ ಯು.ಪಿ.ಐ. ಬಂದಿತು, ಅದೇ ವರ್ಷ ಜಿಯೋ ಬಂದು ಅಂತರ್ಜಾಲದ ದರ ಇಳಿಯಿತು. 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್‌ನಲ್ಲಿ ಸರಕಿನ ಚಿತ್ರವನ್ನೂ ಬೆಲೆಯನ್ನೂ ಪಟ್ಟಿಮಾಡಿ ಇಡಬಹುದು. 2020ರ ಲಾಕ್‌ಡೌನಿನಲ್ಲಿ ಸಂತೆಗಳು ನಿಂತಾಗ ಇದರ ಉಪಯೋಗ ಅನೇಕರಿಗೆ ಮನವರಿಕೆಯಾಯಿತು. ಹೊರಗಿನವರು ಇದನ್ನು ಹಳೆಯ ವಿ.ಪಿ.ಪಿ. ವ್ಯಾಪಾರದ ಮುಂದುವರಿಕೆ ಎಂದಾರು. ಆದರೆ ಒಂದು ಮುಖ್ಯ ಭೇದವಿದೆ. ವಿ.ಪಿ.ಪಿ.ಯಲ್ಲಿ ಸರಕು ಮೊದಲು ಹೊರಡುತ್ತಿತ್ತು, ಹಣ ಆಮೇಲೆ, ನಂಬಬೇಕಾದವನು ಮಾರುವವನು. ಮನೆಯಿಂದ ನಡೆಯುವ ಈ ವ್ಯಾಪಾರದಲ್ಲಿ ಹಣ ಮೊದಲು ಬರುವುದೇ ಹೆಚ್ಚು. ನಂಬಿಕೆಯ ಭಾರವೆಲ್ಲ ಕೊಳ್ಳುವವನ ಹೆಗಲಿಗೆ ಬಿದ್ದಿದೆ.

ಅಪ್ಪೆಮಿಡಿಯ ವಿಷಯದಲ್ಲಂತೂ ಈ ಭಾರ ಸಣ್ಣದಲ್ಲ. ಹೊಳೆದಂಡೆಯ ಕಾಡುಮಾವಿನ ಎಳೆಮಿಡಿಯನ್ನು ತೊಟ್ಟಿನ ಸಮೇತ ಕೊಯ್ದು, ಪೆಟ್ಟಾಗದಂತೆ ಇಳಿಸಿ, ಮುರುಟುವವರೆಗೆ ಉಪ್ಪಿನಲ್ಲಿಟ್ಟು, ಬಳಿಕ ಸಾಸಿವೆ ಮೆಣಸಿನ ಖಾರ ಕೂಡಿಸುತ್ತಾರೆ. ಅದರ ಬೆಲೆಯೆಲ್ಲ ಸೊನೆಯ ಪರಿಮಳದಲ್ಲಿದೆ. ಜೀರಿಗೆ ಮಿಡಿಯ ವಾಸನೆಯೇ ಬೇರೆ, ಮಾಳಂಜಿಯದೇ ಬೇರೆ. ಪರಿಮಳವನ್ನು ಯಾವ ಚಿತ್ರವೂ ಹೊರಲಾರದು! ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದ್ದರೂ, ಯಾವುದೋ ಮಾವಿನಕಾಯಿಯ ಚಿತ್ರಕ್ಕೆ ಈ ಹೆಸರಿಡುವವರನ್ನು ಫೋನಿನ ಪರದೆಯ ಮೇಲೆ ಗುರುತಿಸುವುದು ಕಷ್ಟ. ಆದಕಾರಣ, ನಾನು ಕಂಡಂತೆ, ಮೊದಲ ಗಿರಾಕಿಗಳು ರುಚಿಯನ್ನು ಮೊದಲೇ ಬಲ್ಲವರು: ಓದಿಗೆ, ಉದ್ಯೋಗಕ್ಕೆಂದು ಘಟ್ಟ ಬಿಟ್ಟು ಹೋದ ನಮ್ಮವರೇ. ಅವರು ತಮ್ಮ ಕಛೇರಿಯ ಗೆಳೆಯರಿಗೆ ಒಂದು ಮಿಡಿ ಬಡಿಸುತ್ತಾರೆ. ಎರಡನೆಯ ಗಿರಾಕಿ ಹುಟ್ಟುವುದು ಆ ಊಟದ ಡಬ್ಬಿಯಲ್ಲಿ. ಜಾಹೀರಾತಿನಿಂದಲೇ ವ್ಯಾಪಾರ ಬೆಳೆಯುವುದೆಂಬ ಮಾತು ಇಲ್ಲಿ ಅರ್ಧ ಮಾತ್ರ ನಿಜ.

ಸರಕು ಕಳುಹಿಸುವ ತೊಂದರೆಗಳನ್ನು ಬಹಳ ಬೆಳೆಸುವುದಿಲ್ಲ. ಎಣ್ಣೆ ಸೋರುತ್ತದೆ, ಸೀಸೆ ಒಡೆಯುತ್ತದೆ. ಶರಾವತಿಯ ಹಿನ್ನೀರಿನಾಚೆಯ ತುಮರಿ ಕಡೆಯವರು 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೂ ಪಾರ್ಸೆಲನ್ನು ಲಾಂಚಿನಲ್ಲಿ ದಾಟಿಸಬೇಕಿತ್ತು, ಇಲ್ಲವೆ ದೂರದ ಸುತ್ತುದಾರಿ ಹಿಡಿಯಬೇಕಿತ್ತು. ನೆಟ್‌ವರ್ಕಿಗಾಗಿ ಸಾಗರ, ಹೊಸನಗರದ ಹಳ್ಳಿಗಳ ಜನ 2021ರಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಚಳವಳಿಯನ್ನೇ ಹೂಡಿದ್ದರು. 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ಮನೆಯಲ್ಲಿ ಮಾಡಿ ಮಾರುವವರೂ ನೋಂದಣಿ ಮಾಡಿಸಬೇಕು. ಇದನ್ನು ಅರಿಯದವರು ಇನ್ನೂ ಇದ್ದಾರೆ.

ಆದರೆ ನಾನು ವಾಚಕರ ಗಮನ ಸೆಳೆಯಬೇಕೆಂದಿರುವುದು ಬೇರೊಂದು ಸಂಗತಿಯ ಕಡೆಗೆ. ಈ ಹೊಸ ಸಂತೆಯ ಮೈದಾನ ಯಾರದು? ಫೇಸ್‌ಬುಕ್ ಪುಟವನ್ನು ಮೆಚ್ಚಿದವರೆಲ್ಲರಿಗೂ ನಾವು ಬರೆದದ್ದು ತಲಪುವುದಿಲ್ಲ. ಹೆಚ್ಚು ಜನಕ್ಕೆ ತಲಪಿಸಬೇಕಾದರೆ ಹಣ ತೆರಬೇಕು. ಇದು ಒಂದು ಬಗೆಯ ಸಂತೆಸುಂಕ. ಆದರೆ ದರ ಕಟ್ಟುವುದು ನಮ್ಮೂರ ಪಂಚಾಯಿತಿಯಲ್ಲ. 2020ರ ಜೂನ್ 29ರಂದು ಭಾರತ ಸರಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿತು. ಅದಕ್ಕೆ ಕಾರಣಗಳೇನೇ ಇರಲಿ, ಅಲ್ಲಿ ವರ್ಷಗಟ್ಟಲೆ ಕೂಡಿಸಿದ್ದ ಪರಿಚಯವನ್ನು ಜನ ಒಮ್ಮೆಗೇ ಕಳೆದುಕೊಂಡರು. 2021ರ ಅಕ್ಟೋಬರ್ 4ರಂದು ಒಂದೇ ಒಡೆತನದ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಜಗತ್ತಿನಾದ್ಯಂತ ಸುಮಾರು ಆರು ಗಂಟೆ ನಿಂತುಹೋದುವು. ಆರು ಗಂಟೆ ದೊಡ್ಡದಲ್ಲ ಎನ್ನಬಹುದು. ಗಿರಾಕಿಯ ಹೆಸರು, ವಿಳಾಸ, ಬಾಕಿ ಎಲ್ಲವನ್ನೂ ಅಲ್ಲಿಯೇ ಇಟ್ಟವರಿಗೆ ಅದು ಸಣ್ಣದಲ್ಲ.

ನಮ್ಮ ಕಡೆಯ ಒಬ್ಬ ಅಕ್ಕ ಗೆರೆ ಹಾಕಿದ ನೋಟುಬುಕ್ಕಿನಲ್ಲಿ ಇದನ್ನೆಲ್ಲ ಬರೆದಿಡುತ್ತಾರೆ. ಹೆಸರಿನ ಮುಂದೆ ‘ಖಾರ ಕಮ್ಮಿ’, ‘ಎಣ್ಣೆ ಬೇಡ’, ‘ಜೀರಿಗೆ ಮಿಡಿಯೇ ಬೇಕು’ ಎಂಬ ಟಿಪ್ಪಣಿಗಳಿವೆ. “ಫೋನು ಹೋದ್ರೆ ಹೋಗ್ಲಿ, ಇದು ಒಲೆಯಿಂದ ದೂರ ಇದ್ರೆ ಸಾಕು” ಎಂದು ನಕ್ಕರು. ಅಪ್ಪೆಮರ ಪ್ರತಿ ವರ್ಷವೂ ಒಂದೇ ಸಮ ಹಿಡಿಯುವುದಿಲ್ಲ. ಹಿಡಿಯದ ವರ್ಷ ಆ ಪುಸ್ತಕ ನೋಡಿಕೊಂಡು, “ಈ ಸಲ ಮಿಡಿ ಇಲ್ಲ, ಹಣ ಹಾಕಬೇಡಿ” ಎಂದು ಎಲ್ಲರಿಗೂ ತಿಳಿಸುತ್ತಾರೆ. ಹಾಗೆ ತಿಳಿಸಿದ ಮೇಲೂ, “ಅಕ್ಕಾ, ಹಳೇ ಭರಣೀಲಿ ನಾಕಾದ್ರೂ ಉಳಿದಿದ್ಯಾ?” ಎಂದು ಬೆಂಗಳೂರಿನಿಂದ ಕೇಳುವವರಿದ್ದಾರೆ.